ಕ್ಯಾಸಿಯೋ ಅಲ್ಲ, ಸಿಂಥ್

ನಮ್ಮ ಮನೆಯಲ್ಲಿ ಕರೆಂಟಿನಿಂದ ಸದ್ದು ಮಾಡುವ ವಾದ್ಯಕ್ಕೆಲ್ಲ ಒಂದೇ ಹೆಸರು: ಕ್ಯಾಸಿಯೋ. ಯಮಹಾ ಆದರೂ ಕ್ಯಾಸಿಯೋ, ರೋಲ್ಯಾಂಡ್ ಆದರೂ ಕ್ಯಾಸಿಯೋ. ಎರಡು ವರ್ಷದ ಹಿಂದೆ ನಾನು ಟಿಫಿನ್ ಬಾಕ್ಸಿನಷ್ಟು ದೊಡ್ಡದಿರುವ ಕೊರ್ಗ್ ವೋಲ್ಕಾ ಕೀಸ್ ಅನ್ನುವ ಸಿಂಥ್, ಅಂದರೆ ಸದ್ದನ್ನು ತಾನೇ ಹುಟ್ಟಿಸುವ ಸಿಂಥಸೈಜರ್, ತಂದು ಊಟದ ಮೇಜಿನ ಮೇಲೆ ಇಟ್ಟೆ. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ಲಾ ಇದು, ಮಗೀಗಾ? ಕ್ಯಾಸಿಯೋ ಮರಿ ಹಾಕ್ದಂಗೈತೆ" ಅಂದಳು. ಬೆಲೆ ಎಷ್ಟು ಅಂತ ಕೇಳಿದಳು. ಅರ್ಧ ಹೇಳಿದೆ.

ಈಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಸಿಂಥಿನ ಹುಚ್ಚು ಹಿಡಿದಿದೆ. "ಮಾವ, ಹದಿನೈದು ಸಾವಿರ ಕೂಡಿಟ್ಟಿದೀನಿ. ಫಸ್ಟ್ ಸಿಂಥ್ ಯಾವ್ದು ತಗೊಳ್ಲಿ? ಒಂದೇ ಮಾತಲ್ಲಿ ಹೇಳಿ" ಅಂತ ಫೋನ್ ಮಾಡಿದ. ಒಂದೇ ಮಾತಲ್ಲಿ ಆಗಲಿಲ್ಲ. ನಲವತ್ತು ನಿಮಿಷ ಆದ ಮೇಲೆ ಅವನೇ "ಮೆಸ್ ಮುಚ್ಚಿಬಿಡ್ತಾರೆ ಮಾವ" ಅಂತ ಇಟ್ಟ. ಫೋನಿನಲ್ಲಿ ಹೇಳಿದ್ದು, ಹೇಳದೆ ಉಳಿದದ್ದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ಕಥೆ ಸ್ವಲ್ಪ. ನಮ್ಮಪ್ಪನದು ಮದ್ದೂರಿನಲ್ಲಿ ಮೈಕ್ ಸೆಟ್ಟು. ಮದುವೆ, ಹಬ್ಬ, ಚುನಾವಣೆ, ಸಾವು, ಎಲ್ಲದಕ್ಕೂ ಅದೇ ಅಹೂಜಾ ಆಂಪ್ಲಿಫೈಯರ್, ಅದೇ ಹಾರನ್ನು. ಗಣೇಶನ ಹಬ್ಬದ ತಿಂಗಳು ಊರೂರಲ್ಲಿ ಆರ್ಕೆಸ್ಟ್ರಾ ಇರುತ್ತಿತ್ತು. ನಾನು ವೈರ್ ಸುತ್ತುವ ಹುಡುಗ. ವೇದಿಕೆಯ ಪಕ್ಕದಲ್ಲಿ ಕೂತು ಕೀಬೋರ್ಡ್ ನುಡಿಸುವವರ ಕೈಯನ್ನೇ ನೋಡುತ್ತಿದ್ದೆ. ಒಂದು ನಂಬರ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ವಯಲಿನ್ನು. ಅದು ನನಗೆ ಅಂಥ ಆಶ್ಚರ್ಯ ಅನ್ನಿಸಲಿಲ್ಲ, ಕ್ಯಾಸೆಟ್ಟಿನಲ್ಲೂ ಕೊಳಲು ಬರುತ್ತದಲ್ಲ. ಆದರೆ ಎಡಗೈ ಹತ್ತಿರ ಒಂದು ಚಿಕ್ಕ ಸನ್ನೆಕೋಲು ಇತ್ತು. ಅದನ್ನು ಪಕ್ಕಕ್ಕೆ ತಳ್ಳಿದರೆ ಸ್ವರ ಬಾಗುತ್ತಿತ್ತು. ಆ ಬಾಗುವುದು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಮುಂದೆ ನಾನು ಮೈಸೂರಿನ ಟೈಲ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನಾದೆ. ಪ್ರಶ್ನೆ ಹಾಗೇ ಇತ್ತು.

ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಬೆಂಗಳೂರಿಗೆ ಹೋಗಿ ಒಂದು ದೊಡ್ಡ ಸಂಗೀತದ ಅಂಗಡಿಯಲ್ಲಿ ಸಿಂಥಸೈಜರ್ ಕೇಳಿದೆ. ಹುಡುಗ ನಗುನಗುತ್ತಾ ರೋಲ್ಯಾಂಡ್ ಎಕ್ಸ್‌ಪಿಎಸ್-10 ತೋರಿಸಿದ. ತಬಲಾ, ಸಿತಾರ್, ಶಹನಾಯಿ ಎಲ್ಲ ಒಳಗೇ ಇದೆ ಸಾರ್, ಆರ್ಕೆಸ್ಟ್ರಾದವರೆಲ್ಲ ಇದೇ ಒಯ್ಯೋದು ಅಂದ. ಅವನು ಹೇಳಿದ್ದು ನಿಜವೇ. ಅದರ ಮೈಮೇಲೆ ಸಿಂಥಸೈಜರ್ ಅಂತ ಬರೆದೂ ಇದೆ. ಕಾರ್ಯಕ್ರಮ ಕೊಟ್ಟು ದುಡಿಯುವವರಿಗೆ ಅದು ಅನ್ನ ಕೊಡುವ ಯಂತ್ರ. ಆದರೆ ಅಲ್ಲಿರುವುದು ಮೊದಲೇ ಯಾರೋ ರೆಕಾರ್ಡ್ ಮಾಡಿ ತುಂಬಿಟ್ಟ ಸದ್ದು. ನನಗೆ ಬೇಕಿದ್ದದ್ದು ಏನೂ ಇಲ್ಲದ ಕಡೆಯಿಂದ ಸದ್ದು ಹುಟ್ಟಿಸುವುದು. ಹೋಟೆಲ್ ಊಟಕ್ಕೂ ಅಡುಗೆ ಕಲಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಹಾಗಾಗಿ ಮೊದಲ ಮಾತು: ಅಂಗಡಿಯಲ್ಲಿ "ಸಿಂಥಸೈಜರ್ ಕೊಡಿ" ಅಂದರೆ ಸಾಲದು. "ಅನಲಾಗ್ ಸಿಂಥ್, ಫಿಲ್ಟರ್ ನಾಬ್ ಇರೋದು" ಅಂತ ಬಿಡಿಸಿ ಹೇಳಬೇಕು. ಅನಲಾಗ್ ಅಂದರೆ ಕಂಪ್ಯೂಟರ್ ಲೆಕ್ಕದಿಂದಲ್ಲ, ಕರೆಂಟಿನ ಸರ್ಕ್ಯೂಟಿನಿಂದಲೇ ಸದ್ದು ಹುಟ್ಟಿಸುವುದು. ಫಿಲ್ಟರ್ ಏನು ಅನ್ನುವುದು ಮುಂದೆ ಬರುತ್ತದೆ. ಹೇಳಿದರೂ ಕೆಲವು ಕಡೆ ಒಳಗಿನಿಂದ ಇನ್ನೊಬ್ಬರನ್ನು ಕರೆಯುತ್ತಾರೆ.

ದುಡ್ಡು ಬಿಚ್ಚುವ ಮೊದಲು ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಗುವ ಸಿಂಥ್ ಸಾಫ್ಟ್‌ವೇರ್ ಬಳಸಿ ನೋಡು ಅಂತ ಅಳಿಯನಿಗೆ ಹೇಳಿದೆ. ಸರ್ಜ್ ಎಕ್ಸ್‌ಟಿ ಇದೆ, ವೈಟಲ್‌ನ ಉಚಿತ ಆವೃತ್ತಿ ಇದೆ, ವಿಸಿವಿ ರ್‍ಯಾಕ್ ಇದೆ. ಸದ್ದಿನ ಗುಣದಲ್ಲಿ ಇವು ಹದಿನೈದು ಸಾವಿರದ ಯಾವ ಪೆಟ್ಟಿಗೆಗೂ ಕಮ್ಮಿಯಿಲ್ಲ, ಎಷ್ಟೋ ಕಡೆ ಜಾಸ್ತಿಯೇ. ನಾನೂ ಎರಡು ತಿಂಗಳು ಪ್ರಯತ್ನ ಮಾಡಿದೆ. ನನ್ನ ತೊಂದರೆ ಬೇರೆ. ಬೆಳಿಗ್ಗೆಯಿಂದ ನೋಡಿದ ಅದೇ ಪರದೆ, ಅದೇ ಮೌಸು. 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಹಾಕಿ ಮನೆಗೆ ಬಂದವನಿಗೆ ಮತ್ತೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸು ಬರುತ್ತಿರಲಿಲ್ಲ. ತೆರೆದರೂ ಮೊದಲು ಕಾಣುವುದು ಎಕ್ಸೆಲ್. ಈ ತೊಂದರೆ ಇಲ್ಲದವರು ಪೆಟ್ಟಿಗೆ ಕೊಳ್ಳಲೇಬೇಕು ಅಂತೇನಿಲ್ಲ. ಇದನ್ನು ಹೇಳಿದಾಗ ಅಳಿಯನಿಗೆ ಬೇಜಾರಾಯಿತು. ಹುಡುಗರಿಗೆ ಪೆಟ್ಟಿಗೆ ಬೇಕು, ಬುದ್ಧಿ ಬೇಡ.

ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ವ್ಯವಹಾರ. ಮಾರುವ ಹುಡುಗ ತನ್ನ ಹೆಡ್‌ಫೋನ್ ಕೊಟ್ಟ, ನಾನು ಹತ್ತು ನಿಮಿಷ ಎಲ್ಲ ನಾಬ್ ತಿರುಗಿಸಿದೆ, 9,000 ರೂಪಾಯಿ ಕೊಟ್ಟೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ರೇಡಿಯೋನಾ?" ಅಂತ ಕೇಳಿದರು.

ವೋಲ್ಕಾ ಅನ್ನುವುದು ಕೊರ್ಗ್ 2013ರಲ್ಲಿ ಶುರು ಮಾಡಿದ ಸಣ್ಣ ಪೆಟ್ಟಿಗೆಗಳ ಸಾಲು. ಅದರಲ್ಲಿ ಕೀಸ್ ಅನ್ನುವುದಕ್ಕೆ ಮೂರು ಕಂಠ, ಅಂದರೆ ಒಟ್ಟಿಗೆ ಮೂರು ಸ್ವರ. ಕೆಳಗೆ 27 ಕೀಗಳ ಚಿತ್ರ ಇರುವ ಒಂದು ಪಟ್ಟಿ. ಅವು ಒತ್ತುವ ಕೀಗಳಲ್ಲ, ಮುಟ್ಟುವ ಕೀಗಳು. ಹಾರ್ಮೋನಿಯಂ ನುಡಿಸಿದವರಿಗೆ ಮೊದಲ ದಿನವೇ ಸಿಟ್ಟು ಬರುತ್ತದೆ. ಎಷ್ಟು ಜೋರಾಗಿ ಮುಟ್ಟಿದರೂ ಅಷ್ಟೇ ಸದ್ದು. ಬೆನ್ನಿಗೆ ಆರು ಎಎ ಸೆಲ್ಲು, ಒಳಗೊಂದು ಪುಟ್ಟ ಸ್ಪೀಕರ್. ಆ ಸ್ಪೀಕರಿನಲ್ಲಿ ಕೇಳಿ ಇದರ ಬಗ್ಗೆ ಅಭಿಪ್ರಾಯ ಕಟ್ಟಬೇಡಿ, ದಯವಿಟ್ಟು.

ಅಡಾಪ್ಟರ್ ಜೊತೆಗೆ ಬರುವುದಿಲ್ಲ. ಇಲ್ಲಿ ನನ್ನ ಮಾನ ಹೋಯಿತು. 9 ವೋಲ್ಟ್ ಅಂತ ಬರೆದಿತ್ತು. ಗೆಳೆಯನ ಗಿಟಾರ್ ಪೆಡಲ್ಲಿನ ಅಡಾಪ್ಟರ್ ಕೂಡ 9 ವೋಲ್ಟೇ, ಪಿನ್ನೂ ಸರಿಯಾಗಿ ಕೂತಿತು. ಚುಚ್ಚಿದೆ. ದೀಪ ಹತ್ತಲಿಲ್ಲ. ಆಮೇಲೆ ನೋಡಿದರೆ ವೋಲ್ಕಾಗೆ ಪಿನ್ನಿನ ನಡುವೆ ಪ್ಲಸ್ ಬೇಕು, ಗಿಟಾರ್ ಪೆಡಲ್ಲುಗಳಿಗೆ ಸಾಮಾನ್ಯವಾಗಿ ನಡುವೆ ಮೈನಸ್. ಉಲ್ಟಾ ಕರೆಂಟು ಕೊಟ್ಟಿದ್ದೆ. ಪುಣ್ಯಕ್ಕೆ ಏನೂ ಸುಡಲಿಲ್ಲ. ಮೈಕ್ ಸೆಟ್ಟಿನವನ ಮಗ! ಅಪ್ಪ ಇದ್ದಿದ್ದರೆ ಟೆಸ್ಟರ್‌ನಿಂದಲೇ ಹೊಡೆಯುತ್ತಿದ್ದರು. ಪೆಟ್ಟಿಗೆಯ ಮೇಲೂ ಅಡಾಪ್ಟರಿನ ಮೇಲೂ ಒಂದು ಸಣ್ಣ ವೃತ್ತದ ಚಿತ್ರ, ಪ್ಲಸ್ ಮೈನಸ್ ಗುರುತು ಇರುತ್ತದೆ. ಎರಡೂ ಒಂದೇ ಥರ ಇದೆಯಾ ನೋಡಿ ಚುಚ್ಚಿ. ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಸರಿಯಾದದ್ದು ತಂದೆ. ಅಲ್ಲಿಯವರೆಗೆ ಚಾರ್ಜ್ ಮಾಡುವ ಸೆಲ್ಲು ಹಾಕಿಕೊಂಡೆ, ಅದರಲ್ಲೂ ನಡೆಯುತ್ತದೆ.

ಇನ್ನು ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಅಳಿಯನಿಗೆ ಇಲ್ಲಿಯೇ ನಾನು ಹೆಚ್ಚು ಹೊತ್ತು ತೆಗೆದುಕೊಂಡದ್ದು.

ಮೊದಲು ಆಸಿಲೇಟರ್, ಸದ್ದು ಹುಟ್ಟಿಸುವ ಭಾಗ. ಜಾತ್ರೆಯ ಪೀಪಿ ಇದ್ದ ಹಾಗೆ. ಒರಟು ಸದ್ದು, ನಿಲ್ಲುವುದೇ ಇಲ್ಲ. ಆಮೇಲೆ ಫಿಲ್ಟರ್. ಅಪ್ಪ ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಹಾರನ್ನಿನ ಬಾಯಿಗೆ ಕಂಬಳಿ ತುರುಕುತ್ತಿದ್ದರು. ಚುರುಕು ಸದ್ದೆಲ್ಲ ಒಳಗೇ ಉಳಿದು, ಗುಂಯ್ ಅನ್ನುವುದು ಮಾತ್ರ ಹೊರಗೆ ಬರುತ್ತಿತ್ತು. ಕಟಾಫ್ ಅನ್ನುವ ನಾಬ್ ಆ ಕಂಬಳಿ. ತಿರುಗಿಸುತ್ತಾ ಹೋದರೆ ಕಂಬಳಿ ನಿಧಾನಕ್ಕೆ ಸರಿಯುತ್ತದೆ. ಪಕ್ಕದ ಪೀಕ್ ನಾಬ್ ಏರಿಸಿದರೆ ಕಂಬಳಿಯ ಅಂಚಿನಲ್ಲಿರುವ ಸದ್ದು ಮಾತ್ರ ಸಿಳ್ಳೆ ಹಾಕುತ್ತದೆ. ಮೂರನೆಯದು ಎನ್ವಲಪ್, ಸದ್ದು ಹೇಗೆ ಏರಿ ಹೇಗೆ ಇಳಿಯಬೇಕು ಅನ್ನುವುದು. ಘಟಕ್ಕೆ ಹೊಡೆದರೆ ಟಕ್ ಅಂತ ಬಂದು ಹೋಗುತ್ತದೆ, ಹಾರ್ಮೋನಿಯಂ ತಿದಿ ಒತ್ತುವವರೆಗೂ ನಿಂತಿರುತ್ತದೆ. ಮೂರು ನಾಬ್ ತಿರುಗಿಸಿ ಘಟವನ್ನು ಹಾರ್ಮೋನಿಯಂ ಮಾಡಬಹುದು. ನಾಲ್ಕನೆಯದು ಎಲ್‌ಎಫ್‌ಓ. ಚಿಕ್ಕವರಿದ್ದಾಗ ತಿರುಗುವ ಟೇಬಲ್ ಫ್ಯಾನಿನ ಮುಂದೆ ಆ… ಅಂತ ಕೂಗುತ್ತಿದ್ದೆವಲ್ಲ, ಅದೇ. ಒಂದು ಸದ್ದನ್ನು ಇನ್ನೊಂದು ನಿಧಾನದ ತಿರುಗುವಿಕೆ ಅಲ್ಲಾಡಿಸುವುದು.

ಇಷ್ಟು ಗೊತ್ತಾದರೆ ಯಾವ ಸಿಂಥಿನ ಮುಂದೆ ಕೂರಿಸಿದರೂ ಅರ್ಧಕ್ಕರ್ಧ ಕೈ ಓಡುತ್ತದೆ. 1970ರ ಮಿನಿಮೂಗ್ ಸಿಂಥಿನಲ್ಲೂ ಇದೇ ಮನೆತನ.

ವೋಲ್ಕಾದ ಮೂರು ಕಂಠದಲ್ಲಿ ಒಂದು ಮೋಸ ಇದೆ. ಮೂರು ಆಸಿಲೇಟರ್ ಇದ್ದರೂ ಫಿಲ್ಟರ್ ಒಂದೇ, ಎನ್ವಲಪ್ ಒಂದೇ. ಇದಕ್ಕೆ ಪ್ಯಾರಾಫೋನಿಕ್ ಅನ್ನುತ್ತಾರೆ. ಮೂವರು ಹಾಡುಗಾರರು, ಒಂದೇ ಮೈಕು. ಒಬ್ಬರಿಗೆ ವಾಲ್ಯೂಮ್ ಏರಿಸಿದರೆ ಮೂವರಿಗೂ ಏರುತ್ತದೆ. ನಮ್ಮೂರ ಭಜನೆಯಲ್ಲಿ ವರ್ಷಗಟ್ಟಲೆ ಹಾಗೇ ನಡೆದಿದೆ, ಏನೂ ಮುಳುಗಿಲ್ಲ. ಆದರೆ ಡಬ್ಬದ ಮೇಲೆ ಎಷ್ಟು ಕಂಠ ಅಂತ ಬರೆದಿದ್ದಾರೋ ಅದನ್ನೇ ನೋಡಿ ದುಡ್ಡು ಕೊಡುವವರು ಇದನ್ನು ತಿಳಿದಿರಬೇಕು.

ಇದಕ್ಕೆ ಸದ್ದಿನ ನೆನಪೂ ಇಲ್ಲ. ನೀವು ನುಡಿಸಿದ ಸಾಲುಗಳನ್ನು ಎಂಟರವರೆಗೆ ಉಳಿಸಿಕೊಳ್ಳುತ್ತದೆ. ಆದರೆ ನಾಬ್‌ಗಳು ಎಲ್ಲಿದ್ದವು ಅನ್ನುವುದನ್ನು ಉಳಿಸಿಕೊಳ್ಳುವುದಿಲ್ಲ. ನಿನ್ನೆ ರಾತ್ರಿ ಅದ್ಭುತ ಅನ್ನಿಸಿದ ಸದ್ದು, ಬೆಳಿಗ್ಗೆ ಮಗಳು ಒಂದು ನಾಬ್ ಮುಟ್ಟಿದಳೋ, ಮುಗಿಯಿತು. ಮೊದಮೊದಲು ಅಳು ಬಂತು. ಆಮೇಲೆ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳತೊಡಗಿದೆ. ಈಗ ನನ್ನ ಗ್ಯಾಲರಿಯಲ್ಲಿ ಮಗಳ ಸ್ಕೂಲ್ ಡೇ, ಅಂಗಡಿಯ ಬಿಲ್ಲು, ನಾಬ್‌ಗಳ ಫೋಟೋ ಸಾಲಾಗಿವೆ. ಆರು ತಿಂಗಳ ನಂತರ ಫೋಟೋ ಬೇಕಾಗಲಿಲ್ಲ. ಬೇಕಾದ ಸದ್ದಿನ ಹತ್ತಿರಕ್ಕೆ ಕೈಯೇ ಹೋಗುತ್ತಿತ್ತು. ರೆಡಿಮೇಡ್ ಸದ್ದುಗಳಿರುವ ಯಂತ್ರ ಕೊಂಡಿದ್ದರೆ ನಾನು ಖಂಡಿತ ಒಂದರಿಂದ ನೂರರವರೆಗೆ ನಂಬರ್ ಒತ್ತುತ್ತಾ ಕೂರುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತು.

ಈಗ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ನಮ್ಮ ಕಿವಿಗೆ ಇಷ್ಟೊಂದು ಕಂಠ ಬೇಕೇ ಇಲ್ಲ. ಸಿಂಥಿನ ಬೆಲೆಯನ್ನು ಏರಿಸುವ ದೊಡ್ಡ ವಿಷಯ ಒಟ್ಟಿಗೆ ಎಷ್ಟು ಸ್ವರ ಬರುತ್ತದೆ ಅನ್ನುವುದು. ನಾಲ್ಕು, ಎಂಟು, ಹದಿನಾರು. ಪಿಯಾನೋ ಹಿನ್ನೆಲೆಯಿಂದ ಬಂದು ಹಲವು ಸ್ವರ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿಯುವವರಿಗೆ ಅದು ಬೇಕು. ಆದರೆ ದೇವರನಾಮ ಹಾಡುತ್ತಾ ಬೆಳೆದವರಿಗೆ, ಕೊಳಲೋ ಪಿಟೀಲೋ ಕಲಿತವರಿಗೆ ಸಂಗೀತ ಅಂದರೆ ಒಂದೇ ಸಾಲು, ಹಿಂದೆ ಒಂದು ಶ್ರುತಿ. ಒಂದೇ ಕಂಠದ ಮೋನೋ ಸಿಂಥ್ ನಮಗೆ ಬಡವರ ಆಯ್ಕೆ ಅಲ್ಲ, ಸರಿಯಾದ ಆಯ್ಕೆ. ಶ್ರುತಿಗೆ ಅಮ್ಮನ ಭಜನೆ ಮಂಡಳಿಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದ್ದೇ ಇದೆ. ಯೋಚನೆ ಮಾಡಿದರೆ ಅದೂ ಒಂದು ಸಿಂಥೇ. ನಿಲ್ಲದ ಆಸಿಲೇಟರ್, ಶ್ರುತಿಗೊಂದು ನಾಬ್, ಸದ್ದಿಗೊಂದು ನಾಬ್. ಬೆಂಗಳೂರಿನ ರಾಡೆಲ್‌ನಂಥವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಮನೆಮನೆಗೆ ತಲುಪಿಸಿಯಾಗಿದೆ. ನಾವು ಸಿಂಥ್ ಹೊಸದು ಅಂದುಕೊಂಡು ಕೂತಿದ್ದೇವೆ.

ಒಂದು ರಾತ್ರಿ ನಾನು ವೋಲ್ಕಾವನ್ನು ಫಿಫ್ತ್ ಅನ್ನುವ ಕಡೆ ತಿರುಗಿಸಿ, ಸ ಮತ್ತು ಪ ಸೇರಿಸಿ ತಂಬೂರಿ ಮಾಡಲು ಹೋದೆ. ಚೆನ್ನಾಗಿಯೇ ಬಂತು. ಸಿಂಥಿನ ಪಂಚಮ ತಂಬೂರಿಯ ಪಂಚಮಕ್ಕಿಂತ ಸುಮಾರು 2 ಸೆಂಟ್ ಕೆಳಗೆ, ಅಂದರೆ ಅರ್ಧ ಸ್ವರದ ನೂರರಲ್ಲಿ ಎರಡು ಪಾಲು. ಅದು ಯಾರಿಗೂ ಕೇಳಿಸುವುದಿಲ್ಲ. ಆದರೆ ಅಂತರ ಗಾಂಧಾರ ಹಿಡಿದಾಗ ಕಿವಿ ಮುದುಡಿತು. ಒಳ್ಳೆಯ ತಂಬೂರಿ ಮೀಟಿದಾಗ ತಂತಿಯಲ್ಲೇ ಆ ಗಾಂಧಾರ ತೇಲಿ ಬರುತ್ತದಲ್ಲ, ಅದು ಸ ಇಂದ ಸುಮಾರು 386 ಸೆಂಟಿನಲ್ಲಿದೆ. ಕೀಬೋರ್ಡಿನದು 400ರಲ್ಲಿ. ಆ 14 ಸೆಂಟು ಒಬ್ಬ ಅಡ್ಡಬಾಯಿ ಹಾಕಿದ ಹಾಗೆ ಕೇಳುತ್ತದೆ. ಹಾರ್ಮೋನಿಯಮ್ಮಿನ ಮೇಲೆ ಇರುವ ಹಳೇ ದೂರೂ ಇದೇ.

ಅದಕ್ಕೇ ಕೊರ್ಗ್ ಮೋನೋಲಾಗ್ ಕಡೆ ನನಗೆ ಕಣ್ಣು. ಹೆಸರೇ ಹೇಳುವ ಹಾಗೆ ಒಂದೇ ಕಂಠ, 25 ಸಣ್ಣ ಕೀಗಳು, ಅನಲಾಗ್. ಅದರಲ್ಲಿ ಹನ್ನೆರಡು ಸ್ವರಗಳನ್ನೂ ಒಂದೊಂದಾಗಿ ಸೆಂಟ್ ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡಿಕೊಳ್ಳಬಹುದು. ಈ ಸೌಲಭ್ಯದ ಹಿಂದೆ ಏಫೆಕ್ಸ್ ಟ್ವಿನ್ ಅನ್ನುವ ಹೆಸರಿನಲ್ಲಿ ಸಂಗೀತ ಮಾಡುವ ಬ್ರಿಟನ್ನಿನ ರಿಚರ್ಡ್ ಜೇಮ್ಸ್ ಅವರ ಒತ್ತಾಸೆ ಇದೆ. ಅವರಿಗೆ ಅದು ಯಾಕೆ ಬೇಕಿತ್ತೋ, ನಮಗೆ ಗಾಂಧಾರ ಸಿಕ್ಕಿತು. ಕೀಗಳು ಮಾತ್ರ ಸಿ ಇಂದ ಶುರುವಾಗದೆ ಇ ಇಂದ ಶುರುವಾಗುತ್ತವೆ. ಹಾರ್ಮೋನಿಯಂ ಕೈ ಇದ್ದವರು ಒಂದು ವಾರ ತಡಕಾಡುತ್ತಾರೆ. ಹೊಸದಾಗಿ ಕೊಂಡರೆ ಅಳಿಯನ ಹದಿನೈದು ಸಾವಿರಕ್ಕೆ ಬರುವುದಿಲ್ಲ, ಹಳೆಯದನ್ನು ಕಾದು ಹಿಡಿಯಬೇಕು.

ಗಮಕದ ಆಸೆ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರ. ಪೋರ್ಟಮೆಂಟೋ ಅನ್ನುವ ನಾಬ್‌ನಲ್ಲಿ ಜಾರು ಬರುತ್ತದೆ, ಸ ಇಂದ ಪ ವರೆಗೆ ಬೆಣ್ಣೆಯ ಹಾಗೆ. ಆದರೆ ಎಲ್‌ಎಫ್‌ಓ ಹಾಕಿ ಸ್ವರ ಅಲ್ಲಾಡಿಸಿದರೆ ಅದು ಕಂಪಿತ ಅಲ್ಲ. ಅದು ಚಳಿ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆರ್ಟೂರಿಯಾ ಮೈಕ್ರೋಫ್ರೀಕ್ 2019ರಲ್ಲಿ ಬಂದದ್ದು. ಹುಟ್ಟಿಸುವ ಸದ್ದು ಡಿಜಿಟಲ್, ಫಿಲ್ಟರ್ ಅನಲಾಗ್. ಚಪ್ಪಟೆ ತಗಡಿನಂಥ ಕೀಬೋರ್ಡು, ಬೆರಳಿನ ಒತ್ತಡವೂ ಅದಕ್ಕೆ ತಿಳಿಯುತ್ತದೆ. ಬಜೆಟ್ ದುಪ್ಪಟ್ಟು ಇದ್ದರೆ ಇದು ವರ್ಷಗಟ್ಟಲೆ ಬೇಸರ ತರಿಸುವುದಿಲ್ಲ. ಆದರೆ ಮೊದಲ ತಿಂಗಳು ತಲೆ ಕೆಡಿಸುತ್ತದೆ. ಬೆಹ್ರಿಂಗರ್ ಮಾಡೆಲ್ ಡಿ ಮಿನಿಮೂಗಿನ ನಕಲು. ಸದ್ದು ದಪ್ಪ, ಬೆಲೆ ಸಣ್ಣದು, ಕೀಗಳೇ ಇಲ್ಲ. ಕೀಬೋರ್ಡ್ ಬೇರೆ ತರಬೇಕು, ಆಗ ಅಗ್ಗ ಅನ್ನುವ ಮಾತು ಅರ್ಧ ಸುಳ್ಳಾಗುತ್ತದೆ. ಟೀನೇಜ್ ಎಂಜಿನಿಯರಿಂಗ್‌ನವರ ಪಾಕೆಟ್ ಆಪರೇಟರ್‌ಗಳು ಹೊದಿಕೆ ಕಿತ್ತ ಕ್ಯಾಲ್ಕುಲೇಟರಿನ ಹಾಗಿವೆ. ಬಸ್ಸಿನಲ್ಲಿ ಆಡಲು ಮಜಾ, ಕಲಿಯಲು ಅಲ್ಲ. ಯಮಹಾ ರೀಫೇಸ್ ಸಿಎಸ್ ನೋಡಲು ನನಗೆ ತುಂಬಾ ಇಷ್ಟ. ಅದರ ಜಾರುಗುಂಡಿಗಳನ್ನು ಸುಮ್ನೆ ಮೇಲೆ ಕೆಳಗೆ ಮಾಡುತ್ತಾ ಕೂರಬಹುದು. ಬೆಲೆ ಕೇಳಿ ಎದ್ದು ಬಂದೆ.

ರೋಲ್ಯಾಂಡ್ ಎಸ್-1 ಅಳಿಯನ ಮೋಹ. 1980ರ ದಶಕದ ಎಸ್‌ಎಚ್-101 ಸಿಂಥನ್ನು ಅಂಗೈಯಗಲಕ್ಕೆ ಇಳಿಸಿದ್ದಾರೆ. ನಾಲ್ಕು ಕಂಠ, ಮೊಬೈಲ್ ಚಾರ್ಜರ್‌ನಲ್ಲೇ ಚಾರ್ಜ್ ಆಗುತ್ತದೆ. ಆದರೆ ಕೀಗಳು ಹುಣಸೆ ಬೀಜದಷ್ಟು, ಮತ್ತು ಎಷ್ಟೋ ಕೆಲಸಗಳು ಶಿಫ್ಟ್ ಒತ್ತಿ ಇನ್ನೊಂದು ಒತ್ತಿದರೆ ಮಾತ್ರ. ಹೊಸಬರಿಗೆ ನಾಬ್ ಒಂದು, ಕೆಲಸ ಒಂದು ಇರಬೇಕು ಅಂತ ನಾನು ಫೋನಿನಲ್ಲಿ ಮೂರು ಸಲ ಹೇಳಿದೆ. ಬೇಕಾದರೆ ವೋಲ್ಕಾ ಬಾಸ್ ತಗೋ, ಒಂದೇ ಸಾಲು ನುಡಿಸುವವನಿಗೆ ಅದರ ಮೂರು ಆಸಿಲೇಟರ್ ಧಾರಾಳ ಅಂತಲೂ ಹೇಳಿದೆ.

ಹಳೆಯದು ಕೊಳ್ಳುವಾಗ ಏನು ನೋಡಬೇಕು ಅಂದರೆ, ಮೊದಲು ಸೆಲ್ಲಿನ ಮುಚ್ಚಳ ತೆಗೆಯಿರಿ. ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಸೆಲ್ಲು ಸೋರಿದೆ, ಬೆಲೆ ಇಳಿಸಿ ಅಥವಾ ಎದ್ದು ಬನ್ನಿ. ಹೆಡ್‌ಫೋನ್ ಹಾಕಿ ಒಂದೊಂದೇ ನಾಬ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಕರಕರ ಅಂದರೆ ಒಳಗೆ ಧೂಳು. ಸ್ಪ್ರೇ ಹಾಕಿದರೆ ಹೋಗಬಹುದು, ಚೌಕಾಸಿಗೆ ಮಾತ್ರ ಒಳ್ಳೆಯ ಕಾರಣ. ಹೆಡ್‌ಫೋನ್ ಪಿನ್ ಅಲ್ಲಾಡಿಸಿ, ಸದ್ದು ಒಂದು ಕಿವಿಗೆ ಹೋಗಿ ಬಂದು ಮಾಡುತ್ತದಾ ಕೇಳಿ. ಎಲ್ಲ ಕೀಗಳನ್ನೂ ಒಮ್ಮೆ ಮುಟ್ಟಿ. ಅನಲಾಗ್ ಆದರೆ ಹತ್ತು ನಿಮಿಷ ಆನ್ ಇಟ್ಟು ಬಿಸಿಯಾದ ಮೇಲೆ ಶ್ರುತಿ ನೋಡಿ, ಸ್ವಲ್ಪ ಜಾರುವುದು ಅದರ ಜಾತಿಗುಣ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ, ಇಲ್ಲಿಯ ಬೆಲೆಯೇ ವಾಸಿ ಅನ್ನಿಸುತ್ತದೆ.

ಸ್ಪೀಕರಿಗೆ ಬೇರೆ ದುಡ್ಡು ಸುರಿಯಬೇಡಿ. ಹೆಡ್‌ಫೋನ್ ಸಾಕು. ನಾನು ಕಳೆದ ದಸರಾ ರಜೆಯಲ್ಲಿ ವೋಲ್ಕಾವನ್ನು ಮದ್ದೂರಿಗೆ ಒಯ್ದು, ಅಪ್ಪನ ಹಳೇ ಅಹೂಜಾದ ಆಕ್ಸ್‌ಗೆ ಚುಚ್ಚಿ ಹಾರನ್ನಿನಲ್ಲಿ ಬಿಟ್ಟೆ. ಹಾರನ್ನಿಗೆ ಬಾಸ್ ಬರುವುದಿಲ್ಲ ಅನ್ನುವುದು ಉತ್ಸಾಹದಲ್ಲಿ ಮರೆತಿತ್ತು. ನನ್ನ ಘನಗಂಭೀರ ಬಾಸ್ ಸಾಲು ಗಂಟಲು ಕಟ್ಟಿದ ಕೋಳಿಯ ಹಾಗೆ ಬೀದಿಗೆಲ್ಲ ಕೇಳಿಸಿತು. ಎದುರು ಮನೆಯವರು ಬಂದು ಪಂಚಾಯ್ತಿಯಿಂದ ಏನಾದರೂ ಅನೌನ್ಸ್‌ಮೆಂಟಾ ಅಂತ ವಿಚಾರಿಸಿದರು. ಅಮ್ಮ ಒಳಗಿನಿಂದಲೇ, "ಏನಿಲ್ಲ ಕಣಕ್ಕ, ನಮ್ಮ ಹೈದ ಕ್ಯಾಸಿಯೋ ಕಲೀತಾವ್ನೆ" ಅಂದಳು.

ಅಳಿಯ ಹೋದ ವಾರ ಎಸ್-1 ತಗೊಂಡ. ಕೇಳಿದ್ದಕ್ಕೆ "ಹಾಸ್ಟೆಲಲ್ಲಿ ಪ್ಲಗ್ ಪಾಯಿಂಟ್ ಒಂದೇ ಮಾವ, ಮೊಬೈಲ್ ಚಾರ್ಜರ್ ಸಾಕಲ್ವಾ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನ್. ಶಿಫ್ಟ್ ಜೊತೆ ಯಾವುದೋ ಗುಂಡಿ ಒತ್ತಿದ್ದಾನೆ, ಎಲ್ಲ ಸ್ವರಗಳೂ ಒಂದು ಮನೆ ಮೇಲೆ ಹೋಗಿ ಕೂತಿವೆ, ಕೆಳಗೆ ಬರುತ್ತಿಲ್ಲ. ನಾನು ಅದರ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿಕೊಂಡು, ಲ್ಯಾಪ್‌ಟಾಪ್ ತೆರೆದು, ಎಕ್ಸೆಲ್ ಪಕ್ಕಕ್ಕೆ ಸರಿಸಿ ಓದುತ್ತಿದ್ದೇನೆ.